ದೇವಾನಂದನ ನಿಧಾನದ ಶಟರ್

ಹಡಪಸರದ ನಮ್ಮ ಗಲ್ಲಿಯ ಫೋಟೋಗ್ರಾಫರ್ ದೇವಾನಂದನನ್ನು ಸಾಧು ಎಂದು ಕರೆಯಲು ನನಗೆ ನಾಲಿಗೆ ಬಾರದು. ಕಲಬುರಗಿ ಕಡೆಯಿಂದ ಪುಣೆಗೆ ಬಂದ ನಮ್ಮವರ ಮದುವೆಗಳಿಗೆಲ್ಲ ಅವನದೇ ಕ್ಯಾಮೆರಾ. ಮದುವೆ ಅಂದಮೇಲೆ ಫೋಟೋದಲ್ಲಿ ಬೇಡವಾದವರೊಬ್ಬರು ಇದ್ದೇ ಇರುತ್ತಾರಲ್ಲ, ಅಂಥವರನ್ನು ಮಾಯ ಮಾಡುವುದರಲ್ಲಿ ಅವನದು ಎತ್ತಿದ ಕೈ.

ಅವನ ಹೆಂಡತಿ ಶಿವಕಾಂತಾ ಕಂಪ್ಯೂಟರಿನಲ್ಲಿ ಆಲ್ಬಂ ಜೋಡಿಸುತ್ತಾಳೆ. ಯಾರನ್ನು ಬೇಕಾದರೂ ಅಲ್ಲೇ ಕೂತು ಅಳಿಸಬಲ್ಲಳು. ಆದರೆ ಅಳಿಸಿಕೊಂಡವರು ಸುಮ್ಮನಿರುತ್ತಾರೆಯೇ? ಅದಕ್ಕೇ ದೇವಾನಂದ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿ, ಫ್ಲ್ಯಾಶ್ ಆರಿಸಿ, ಶಟರನ್ನು ತುಸು ಹೊತ್ತು ತೆರೆದೇ ಇಡುತ್ತಾನೆ. ಅಲುಗದೆ ನಿಂತವರು ಸ್ವಚ್ಛವಾಗಿ ಮೂಡುತ್ತಾರೆ, ಅಲುಗಿದವರು ಹೊಗೆಯಾಗುತ್ತಾರೆ. ಬೇಡವಾದವರು ಹೆಚ್ಚಾಗಿ ಒಂದು ಕಡೆ ನಿಲ್ಲದ ಜನವೇ.

“ನಾವು ಯಾರನ್ನೂ ಅಳಸಂಗಿಲ್ರಿ. ಅವರೇ ಅಳಸ್ಕೊಂತಾರ,” ಎನ್ನುತ್ತಾನೆ.

ಹೋದ ವರ್ಷ ರಾಧಾಬಾಯಿ ಮಗಳ ಮದುವೆಗೆ ಅವನನ್ನು ಗೊತ್ತು ಮಾಡಿದಳು. “ಅಣ್ಣಾರೆ, ಮನಿಯವರೆಲ್ಲ ನಿಂತ ಫೋಟೋದಾಗ ನನ್ನ ತಮ್ಮ ಕೃಷ್ಣಾಜಿ ಕಾಣಬಾರದು ನೋಡ್ರಿ. ನಿಶ್ಚಿತಾರ್ಥದಾಗ ಬೀಗರ ಮುಂದ, ಹುಡುಗಿ ಹೊತ್ತೇರೋತನಕ ಏಳಂಗಿಲ್ಲ ಅಂದಾನ!”

ಆದರೆ ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ಅವನೇ. ಬಿಡುವಂತಿಲ್ಲ.

“ಒಂದ ಕಡಿ ನಿಂದ್ರತಾನೇನ್ರಿ?”

“ಕುದಿಯೋ ಹಾಲ್ ಇದ್ದಂಗ್ರಿ ಅವ.”

“ಹಂಗಾರ ಚಿಂತಿ ಬಿಡ್ರಿ.”

ಮದುವೆಯ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಉಸಿರು ಹಿಡಿಯಲು ಹೇಳಿ ಒತ್ತಿದ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಮದುಮಗಳ ಬಳಿ ಒಂದು ಹೊಗೆ ಕಂಡಿತು. ಖುಷಿಯಾಗಿ ಎಲ್ಲರನ್ನೂ ಊಟಕ್ಕೆ ಕಳಿಸಿದ.

ಮನೆಯ ದೊಡ್ಡ ಪರದೆಯ ಮೇಲೆ ಅದನ್ನು ತೆರೆದ ಶಿವಕಾಂತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೃಷ್ಣಾಜಿ ಮೀಸೆಯ ಕೂದಲು ಎಣಿಸುವಷ್ಟು ಸ್ವಚ್ಛವಾಗಿದ್ದ. ಅಕ್ಕನ ಮಗಳು ಕೈ ಹಿಡಿದುಕೊಂಡಿದ್ದಳು, ಅವಳು ಹೊರಟುಹೋಗುತ್ತಾಳೆಂಬ ಸಂಕಟಕ್ಕೆ ಕಣ್ಣು ತುಂಬಿಕೊಂಡು ಕಂಬದಂತೆ ನಿಂತುಬಿಟ್ಟಿದ್ದ. ಹೊಗೆಯಾಗಿದ್ದವಳು ಅವನ ಪಕ್ಕದ ರಾಧಾಬಾಯಿ. ತಮ್ಮ ಅಲುಗಿದನೋ ಇಲ್ಲವೋ ಎಂದು ಮತ್ತೆ ಮತ್ತೆ ಕತ್ತು ಹೊರಳಿಸಿದ್ದಳು. ತಾನು ತೋಡಿದ ಗುಂಡಿಗೆ ತಾನೇ ಬಿದ್ದಿದ್ದಳು.

ಅದನ್ನು ನೋಡಿ ರಾಧಾಬಾಯಿ ಅತ್ತೇಬಿಟ್ಟಳು. “ಇರಾಕಿ ಒಬ್ಬಾಕಿ ಮಗಳು. ನಾಳಿ ಮೊಮ್ಮಕ್ಕಳು ಈ ಹೊಗಿ ಯಾರದು ಅಂತ ಕೇಳಿದ್ರ?”

ಕಂಪ್ಯೂಟರಿನ ಕೆಲಸವನ್ನು ‘ಕತ್ತರಿ-ಅಂಟು’ ಎಂದು ಹಂಗಿಸುತ್ತಿದ್ದ ದೇವಾನಂದ ಹೆಂಡತಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ನನಗಂತೂ ಭಾರೀ ಸಂತೋಷವಾಯಿತು. ಆದರೆ ಅಂಟಿಸಲು ರಾಧಾಬಾಯಿಯ ಮುಖವೇ ಸಿಗಲೊಲ್ಲದು. ಎಲ್ಲ ಫೋಟೋದಲ್ಲೂ ಓಡುತ್ತಿದ್ದಾಳೆ, ಇಲ್ಲವೇ ಯಾರನ್ನೋ ಬೈಯುತ್ತಿದ್ದಾಳೆ. ಚೆನ್ನಾಗಿ ಬಂದದ್ದು ಒಂದೇ: ಬೀಗರು ನೋಡುತ್ತಿದ್ದಾರೆಂದು, ತಮ್ಮನಿಗೆ ಆಹೇರಿನ ಉಡುಗೊರೆಯ ಶಾಲು ಹೊದಿಸುತ್ತ, ಅವನ ಮುಖವನ್ನೇ ನೋಡಿ ನಕ್ಕದ್ದು. ಶಿವಕಾಂತಾ ಅದನ್ನೇ ತಂದು ಕೂರಿಸಿದಳು. ಅಂಟಿಸಿದ ಗುರುತೇ ಸಿಗದಷ್ಟು ಚೆಂದ.

ತಿಂಗಳೊಳಗೆ ಅದು ದೊಡ್ಡದಾಗಿ ಮಾರ್ಕೆಟ್ ಯಾರ್ಡಿನ ಕೃಷ್ಣಾಜಿಯ ಉಳ್ಳಾಗಡ್ಡಿ ಅಂಗಡಿಯ ಗೋಡೆ ಏರಿತು. ಇದೆಲ್ಲ ಕಂಪ್ಯೂಟರಿನ ಆಟ ಎಂದು ಹೇಳಿಯೇ ಬರುತ್ತೇನೆಂದು ರಾಧಾಬಾಯಿ ಸಿಟ್ಟಿನಿಂದ ಹೋದಳು.

ಕೃಷ್ಣಾಜಿ ಹಮಾಲರಿಗೆ ಫೋಟೋ ತೋರಿಸುತ್ತಿದ್ದ. “ನೋಡ್ರಿ, ನಮ್ಮಕ್ಕ ನನ್ನ ಹೆಂಗ ನೋಡ್ಲಿಕತ್ತಾಳ. ಸಿಟ್ಟು ಹೋಗ್ಯಾದ ಅಂತ ಇದನ್ನ ನೋಡಿದ ಮ್ಯಾಲೇ ನನಗ ನಿದ್ದಿ ಬಂತು. ಹೌದಿಲ್ಲೋ ಯಕ್ಕಾ?”

ರಾಧಾಬಾಯಿ ಫೋಟೋ ನೋಡಿದಳು, ತಮ್ಮನನ್ನು ನೋಡಿದಳು.

“ಹೌದಪಾ,” ಎಂದಳು. ಅಲ್ಲಿದ್ದಷ್ಟು ಹೊತ್ತೂ ಆ ಫೋಟೋದಲ್ಲಿದ್ದ ಮುಖವನ್ನೇ ಇಟ್ಟುಕೊಂಡು ಕೂತಳು.