ಗುಡ್ಡ ಕಡಿಯದೆ ಕಟ್ಟಿದ ಶಾಲೆ

ವನಗೂರಿನ ದಾರಿಯಲ್ಲಿ ಬಾಡಿಗೆ ಜೀಪು ಓಡಿಸುವ ಮುಖ್ತಾರ್ ಅವರ ಮಗಳು ಆತಿಕಾ. ಆರ್ಕಿಟೆಕ್ಟ್ ಆಗಿ ಸಕಲೇಶಪುರಕ್ಕೆ ಮರಳಿದವಳಿಗೆ ಮೊದಮೊದಲು ಸಿಕ್ಕಿದ್ದೆಲ್ಲ ಅಂಗಡಿ, ಹೋಂಸ್ಟೇಗಳ ಕೆಲಸ. ಗುಡ್ಡದ ಹಳ್ಳಿಯೊಂದರ ಕಿರಿಯ ಪ್ರಾಥಮಿಕ ಶಾಲೆಗೆ ಹೊಸ ಕಟ್ಟಡದ ನಕ್ಷೆ ಬೇಕೆಂದು ಕರೆ ಬಂದಾಗ ಉಳಿದದ್ದನ್ನೆಲ್ಲ ಬದಿಗಿಟ್ಟಳು.

ಅವಳ ನಕ್ಷೆಯಲ್ಲಿ ಕೋಣೆಗಳು ಒಂದೇ ಸಾಲಿನಲ್ಲಿರಲಿಲ್ಲ; ಇಳಿಜಾರಿಗೆ ತಕ್ಕಂತೆ ಒಂದಕ್ಕಿಂತ ಒಂದು ತಗ್ಗಿನಲ್ಲಿದ್ದವು. ಕಿಟಕಿಗಳೋ, ನೆಲದಿಂದ ಮೊಣಕಾಲೆತ್ತರಕ್ಕೇ ಶುರು. ಶಾಲಾ ಸಮಿತಿಯ ಅಧ್ಯಕ್ಷ, ಕಾಫಿ ಬೆಳೆಗಾರ ದೇವೇಂದ್ರ ಹುಬ್ಬು ಗಂಟಿಕ್ಕಿದರು.

“ಇದೇನಮ್ಮ, ಸ್ಕೂಲೋ ಮೆಟ್ಲೋ? ಜೆಸಿಬಿ ತರ್ಸಿ ಗುಡ್ಡ ಸಪಾಟು ಮಾಡ್ಬುಟ್ರೆ ಆಯ್ತು. ಉದ್ದಕ್ಕೆ ರೂಮು, ಮೇಲೆ ಶೀಟು. ಎಲ್ಲಾ ಕಡೆ ಅಂಗೇ ಐತೆ.”

“ಗುಡ್ಡ ಕಡಿದ್ರೆ ಮಳೇಲಿ ಮಣ್ಣು ಕುಸಿಯುತ್ತೆ ದೇವೇಂದ್ರಣ್ಣ. ಉಳಿದದ್ದು ತೋರಿಸ್ತೀನಿ, ಒಳಗೆ ಬನ್ನಿ.”

ಹೊರಗೆ ಆಷಾಢದ ಮಳೆ. ಶಾಲೆಯ ಹಳೆಯ ಕೋಣೆಯಲ್ಲಿ, ಮಕ್ಕಳ ನಡುವೆ ಜಮಖಾನದ ಮೇಲೆ ಅವರನ್ನು ಕೂರಿಸಿದಳು. ಶಿಕ್ಷಕಿ ನವ್ಯಶ್ರೀ ಗಂಟಲು ಹರಿಯುವಂತೆ ಪಾಠ ಓದಿದರೂ ಮಾಡಿನ ತಗಡಿನ ಶೀಟಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಒಂದು ಮಾತೂ ತಿಳಿಯಲಿಲ್ಲ. ತಲೆಯೆತ್ತಿದರೆ ಎತ್ತರದ ಕಿಟಕಿಯಲ್ಲಿ ಬೂದು ಬಣ್ಣದ ಒಂದು ತುಂಡು ಆಕಾಶ, ಅಷ್ಟೆ. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ದೇವೇಂದ್ರರ ತೊಡೆಗೊರಗಿ ನಿದ್ದೆಹೋದಳು.

ಹೊರಬಂದ ದೇವೇಂದ್ರ ನಕ್ಷೆಯನ್ನು ಮತ್ತೆ ಬಿಡಿಸಿದರು. “ನಾನೂ ಇಲ್ಲೇ ಓದಿದ್ದು ಕಣಮ್ಮ. ಮಳೆಗಾಲದಾಗೆ ನಂಗ್ಯಾಕೆ ಪಾಠ ತಲೆಗೆ ಹತ್ತುತಿರ್ಲಿಲ್ಲ ಅಂತ ಇವತ್ತು ಗೊತ್ತಾಯ್ತು. ನೀ ಬರ್ದಂಗೇ ಕಟ್ಸು” ಎಂದರು.

ಹಾಗೇ ಕಟ್ಟಿದರು. ಹೆಂಚಿನ ಮಾಡು, ಸದ್ದು ತಡೆಯಲು ಅದರಡಿಗೆ ಮರದ ಹಲಗೆ, ಕೋಣೆಯಿಂದ ಕೋಣೆಗೆ ಗಾಲಿಕುರ್ಚಿಯೂ ಸಾಗುವಂಥ ದಾರಿ. ಮರುವರ್ಷದ ಮಳೆಗೆ ರಸ್ತೆಯಾಚೆ ಗುಡ್ಡ ಕಡಿದಿದ್ದ ಕಡೆ ದರೆ ಕುಸಿಯಿತು; ಶಾಲೆಯ ಗುಡ್ಡ ಕದಲಲಿಲ್ಲ. ಸುದ್ದಿ ಕೇಳಿ ಆತಿಕಾ ಅಪ್ಪನ ಜೀಪು ಹತ್ತಿ ಬಂದಳು.

ಶಾಲೆಯೆದುರು ಮುಖ್ತಾರ್ ಎಂಜಿನ್ ಆರಿಸಿದರು. ಹಿಂದೆ ಕೂತಿದ್ದ ಕಾಫಿ ಎಸ್ಟೇಟಿನ ಕೂಲಿಯವರ ಲೈನುಮನೆಯ ಮಾದಮ್ಮ, “ಯಾಕ್ ನಿಲ್ಸಿದ್ರಿ ಸಾಬ್ರೇ?” ಎಂದಳು.

“ಎಲ್ರೂ ಒಂಚೂರು ನೋಡ್ಲಿ ಅಂತ. ನಮ್ಮ ಹುಡ್ಗಿ ಕಟ್ಸಿದ್ದು.”

ಆತಿಕಾ ನಾಚಿ ಮುಖ ತಿರುಗಿಸಿದಳು. ತಗ್ಗಿನ ಕಿಟಕಿಯೊಂದರಲ್ಲಿ ಮಕ್ಕಳು ಗಲ್ಲಕ್ಕೆ ಕೈಯಾನಿಸಿ ಮಳೆ ನೋಡುತ್ತಿದ್ದರು.

“ನನ್ ಮೊಮ್ಮಗಳು ಇಲ್ಲೇ ಓದೋದು,” ಮಾದಮ್ಮ ಆತಿಕಾಳ ಕೈ ಹಿಡಿದಳು. “ರಜಾ ಬಂದ್ರೂ ಮನೇಲಿ ನಿಲ್ಲಕ್ಕಿಲ್ಲ ಕಣವ್ವ, ಸ್ಕೂಲಿಗೇ ಹೋಗ್ತೀನಿ ಅಂತಾಳೆ.”

ಆತಿಕಾ ಆ ಕೈಯನ್ನು ಒಮ್ಮೆ ಒತ್ತಿ ಬಿಟ್ಟಳು. ಜೀಪಿನಿಂದಿಳಿದು ಮಳೆಯಲ್ಲೇ ಶಾಲೆಯತ್ತ ನಡೆದಳು.