ಕೊಂಡಾಪುರದ ಸೋಬಾನೆ ಪದ

ಹೈದರಾಬಾದಿಗೆ ಬಂದ ಎರಡನೆಯ ವಾರ, ಕೊಂಡಾಪುರದಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದರ ಮೂರನೆಯ ಅಂತಸ್ತಿನಿಂದ ಕನ್ನಡದ ಹಾಡು ಕೇಳಿಸಿತು. ಏಳೆಂಟು ಹೆಂಗಸರು ಸಿಮೆಂಟಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಹಾಡುತ್ತಿದ್ದರು. ನಾನು ಕುಣಿಯುವುದೊಂದು ಬಾಕಿ. ಅವರು ಊಟಕ್ಕೆ ಇಳಿದಾಗ ಓಡಿಹೋಗಿ, "ಹಾಡು ತುಂಬಾ ಚೆನ್ನಾಗಿತ್ತು, ಯಾವ ಕಡೆಯವರು ನೀವು?" ಎಂದೆ. ಎಲ್ಲರಿಗಿಂತ ಹಿರಿಯಳು ನನ್ನ ಟೇಪ್ ರೆಕಾರ್ಡರನ್ನು ಒಮ್ಮೆ ನೋಡಿ, "ಹಮ್ಕು ಕನ್ನಡ ನೈ ಆತಾ ಅಮ್ಮಾ" ಎಂದು ಬುತ್ತಿ ಬಿಚ್ಚಿದಳು. ಪಕ್ಕದವಳಿಗೆ ಹೇಳಿದ್ದು ಮಾತ್ರ ಅಚ್ಚ ಕನ್ನಡದಲ್ಲಿ: "ಯಾರೋ ಆಫೀಸಿನಾಕಿ. ಮಾತಾಡಬ್ಯಾಡ."

ಕನ್ನಡ ಬರುವುದಿಲ್ಲ ಎಂದು ಕನ್ನಡಿಗರೇ ನನಗೆ ಹೇಳಿದ್ದು ಅದೇ ಮೊದಲು. ಅವಮಾನವಾಯಿತು. ಮಧುಗಿರಿಯಿಂದ ಅಷ್ಟು ದೂರ ನಾನು ಬಂದದ್ದೇ, ಊರು ಬಿಟ್ಟ ಜನ ತಮ್ಮ ಹಾಡುಗಳಲ್ಲಿ ತಮ್ಮನ್ನು ಹೇಗೆ ಉಳಿಸಿಕೊಳ್ಳುತ್ತಾರೆ ಎಂದು ಸಂಶೋಧನೆ ಮಾಡುವುದಕ್ಕೆ. ಬೇರೆ ಬೇರೆ ದೇಶಗಳ ವಲಸಿಗರ ಸಂಗೀತದ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದ್ದೆ. ಹಾಡುವವರು ಬಾಯಿ ಮುಚ್ಚಿಕೊಂಡರೆ ಏನು ಮಾಡಬೇಕೆಂದು ಅವುಗಳಲ್ಲಿ ಬರೆದಿರಲಿಲ್ಲ.

ವಿಶ್ವವಿದ್ಯಾಲಯದ ಪಕ್ಕದ ತಾರ್ನಾಕದಲ್ಲಿ ನನಗೊಂದು ಮಹಡಿ ಕೋಣೆ ಸಿಕ್ಕಿತ್ತು. ಮನೆಯೊಡತಿ ಇಂದಿರಾಬಾಯಿಯವರದು ಮೂರು ತಲೆಮಾರಿನ ಹಿಂದೆ ಕಲಬುರಗಿ ಕಡೆಯಿಂದ ಸರ್ಕಾರಿ ನೌಕರಿಗೆಂದು ಬಂದ ಕುಟುಂಬ. ನನ್ನ ಕಥೆ ಕೇಳಿ ಅವರು ನಕ್ಕರು. "ಗೇಟಿನ ಒಳಗ ಕನ್ನಡ, ಹೊರಗ ತೆಲುಗು. ಅದ್ರಾಗೇನೈತ್ರಿ? ನೀವು ಬೆಂಗಳೂರ ಕಡಿಯವ್ರು ಎಲ್ಲಾನೂ ಭಾಳ ಹಚ್ಕೋತೀರಿ." ಮಧುಗಿರಿ ಬೆಂಗಳೂರಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ಅವರ ನಕಾಶೆ ಬದಲಾಗಲಿಲ್ಲ. ತರಕಾರಿ ಗಾಡಿ ಬಂದೊಡನೆ ಅವರು ಗೇಟು ದಾಟುತ್ತಿದ್ದರು, ಅಷ್ಟರಲ್ಲಿ ನಾಲಿಗೆಯೂ ದಾಟಿರುತ್ತಿತ್ತು. ಸಂಜೆ ಕೋಣೆಯಲ್ಲಿ ಒಬ್ಬಳೇ ಕೂತಾಗ ನನಗೆ ಅಳು ಬರುತ್ತಿತ್ತು.

ಮುಂದಿನ ವಾರ ಟೇಪ್ ರೆಕಾರ್ಡರ್ ಬಿಟ್ಟು ಬುತ್ತಿ ಕಟ್ಟಿಕೊಂಡು ಹೋದೆ. ಇಲ್ಲಿಯವರು ಗೋಂಗೂರ ಎನ್ನುವ ಹುಳಿಸೊಪ್ಪಿನ ಚಟ್ನಿ ನನ್ನ ಡಬ್ಬಿಯಲ್ಲಿತ್ತು. ಆ ಹಿರಿಯಳು, ಅವಳ ಹೆಸರು ಭೀಮವ್ವ, ಬೆರಳದ್ದಿ ರುಚಿ ನೋಡಿ ಮುಖ ಕಿವುಚಿದಳು. "ಪುಂಡಿಪಲ್ಯಾನ ಹಿಂಗ ಕೆಡಸ್ತಾರೇನ? ತಾ ಇಲ್ಲಿ." ಅಂದಿನಿಂದ ಅವಳಿಗೆ ಕನ್ನಡ ಬಂತು! ಅವಳ ಊರು ಯಾದಗಿರಿ ಕಡೆ. ಗಂಡ ತೀರಿಕೊಂಡಿದ್ದ. ಮಗಳು ರೇಣುಕಾಳೂ ಅದೇ ಗುಂಪಿನಲ್ಲಿ ಬುಟ್ಟಿ ಹೊರುತ್ತಿದ್ದಳು. ಕಟ್ಟಡದ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾನು ರೊಟ್ಟಿ ತಟ್ಟಲು ಕಲಿತೆ, ಅವರು ನನಗಾಗಿ ಹಾಡಿದರು. ಆರು ತಿಂಗಳಲ್ಲಿ ನಾಲ್ಕು ನೋಟ್‌ಬುಕ್ ತುಂಬಿದವು. ನನ್ನ ರೊಟ್ಟಿ ಮಾತ್ರ ಇಂದಿಗೂ ದುಂಡಗಾಗಿಲ್ಲ.

ಅಷ್ಟರಲ್ಲಿ ರೇಣುಕಾಳಿಗೆ ಗಂಡು ಗೊತ್ತಾಯಿತು. ಮಿಯಾಪುರದ ಅಪಾರ್ಟ್‌ಮೆಂಟ್ ಕೆಲಸದಲ್ಲಿದ್ದ, ಅವರ ಕಡೆಯವನೇ. ಮದುವೆ ಶೆಡ್ಡಿನ ಅಂಗಳದಲ್ಲೇ ಎಂದಾಯಿತು. ಎಲ್ಲ ಸರಿ, ಭೀಮವ್ವನಿಗೆ ಒಂದೇ ಚಿಂತೆ. ಅವರ ಮದುವೆಗಳಲ್ಲಿ ಅರಿಶಿನದ ಹೊತ್ತಿಗೆ ಎರಡೂ ಕಡೆಯ ಹೆಂಗಸರು ಎದುರುಬದುರು ಕೂತು ಸೋಬಾನೆ ಹಾಡುತ್ತಾರೆ. ಹೆಣ್ಣಿನ ಕಡೆಯವರು ತವರನ್ನು ಹೊಗಳಬೇಕು, ಗಂಡಿನ ಕಡೆಯವರು ಅದರ ಮಾನ ಕಳೆಯಬೇಕು. ಉತ್ತರ ಕೊಡಲಾಗದಿದ್ದರೆ ಸೊಸೆ ಆ ಮಾತನ್ನು ಬದುಕಿಡೀ ಕೇಳಬೇಕಾಗುತ್ತದೆ.

"ಯಾವ ತವರು ಹಾಡ್ಲಿ? ಬಿಲ್ಡಿಂಗ್ ಮುಗದ್ರ ಶೆಡ್ ಕೀಳ್ತಾರ. ತವರಿಲ್ಲದಾಕಿ ಅಂದ್ರ ನನ್ನ ಮಗಳು ಹೆಂಗ ಬಾಳ್ವೆ ಮಾಡ್ಬೇಕ?" ಎಂದಳು ಭೀಮವ್ವ.

ಚಿಂತೆ ಬಿಡು, ನಾನಿದ್ದೇನೆ ಎಂದೆ. ವಿದ್ಯಾವಂತಳ ಕೊಬ್ಬು. ನೋಟ್‌ಬುಕ್ ತೆರೆದು, ಭೀಮವ್ವನ ಹುಟ್ಟೂರಿನ ಸಿಹಿನೀರಿನ ಬಾವಿ, ಗುಡಿಯ ಮುಂದಿನ ಬೇವಿನ ಮರ ಎಲ್ಲವನ್ನೂ ಹೆಕ್ಕಿ ಮೂರು ಸಾಲಿನ ಪದ ಹೊಸೆದೆ. ಹಳೆಯ ಧಾಟಿ, ಒಂದೇ ಒಂದು ತೆಲುಗು ಪದವಿಲ್ಲ. ಗುಂಪಿಗೆಲ್ಲ ಕಲಿಸಿದೆ. ರೇಣುಕಾ ಏನೋ ಹೇಳಬಂದಳು. ಮದುಮಗಳು ಸುಮ್ಮನಿರಬೇಕು ಎಂದು ಗದರಿಸಿ ಕೂರಿಸಿದೆ.

ಮದುವೆಯ ದಿನ ನಾನೂ ಹೆಣ್ಣಿನ ಕಡೆಯ ಸಾಲಿನಲ್ಲಿ ಕೂತಿದ್ದೆ. ನನ್ನ ಪದ ಮುಗಿಯುವುದನ್ನೇ ಕಾಯುತ್ತಿದ್ದ ಗಂಡಿನ ಸೋದರತ್ತೆ ಎಲೆಯಡಿಕೆ ಉಗುಳಿ ಬಂದು ದನಿಯೆತ್ತಿದಳು:

ಬೇವಿನ ನೆರಳಂತ, ಬಾವಿಯ ಸವಿಯಂತ
ಯಾವಾಗ ಕುಡದಾಳ ನಿಮ ಮಗಳು – ಬೀಗತಿ
ಬಾವ್ಯಾಗ ಇಣುಕಿ ಬಂದಾಳೇನ?

ಆ ಕಡೆ ಕೇಕೆ ಎದ್ದಿತು. ನಮ್ಮ ಕಡೆಯವರೆಲ್ಲ ನನ್ನ ಮುಖ ನೋಡಿದರು. ಹೈದರಾಬಾದಿನಲ್ಲೇ ಹುಟ್ಟಿದ ರೇಣುಕಾ ಆ ಬಾವಿಯನ್ನು ಕಂಡೇ ಇರಲಿಲ್ಲ. ನಾಲ್ಕು ನೋಟ್‌ಬುಕ್ ತುಂಬಿಸಿದ ನಾನು ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಆಗ ಅರಿಶಿನ ಮೆತ್ತಿದ ಮುಖ ಬಗ್ಗಿಸಿಕೊಂಡೇ ರೇಣುಕಾ ತಾಯಿಗೆ ಮೆಲ್ಲಗೆ ಹೇಳಿದಳು, "ಯವ್ವಾ, ನನ್ನ ತೊಟ್ಲಾ ಎಲ್ಲಿ ಕಟ್ಟಿದ್ದಿ, ಅದನ್ನ ಹಾಡ."

ಭೀಮವ್ವ ಒಂದು ಗಳಿಗೆ ಕಣ್ಣು ಮುಚ್ಚಿದಳು. ಬಳಿಕ ಹಾಡಿದಳು:

ಕಟ್ಟೋ ಮಾಳಿಗಿ ಮ್ಯಾಲ ಬೊಂಬಿಗೆ ತೊಟ್ಟಿಲ ಕಟ್ಟಿ
ಇಟ್ಟಂಗಿ ಹೊತ್ತು ತೂಗೇನ – ನನ ಮಗಳ
ಪಟ್ಟಣವೆಲ್ಲ ತವರವ್ವ

ಹಿಂದೆಯೇ ತಾನು ಇಟ್ಟಿಗೆ ಹೊತ್ತ ಬಡಾವಣೆಗಳನ್ನೆಲ್ಲ ಒಂದೊಂದಾಗಿ ಪೋಣಿಸಿದಳು. ತೊಟ್ಟಿಲು ಮೊದಲು ಕಟ್ಟಿದ್ದು ತಾರ್ನಾಕದಲ್ಲಿ, ಮಗು ಹಲ್ಲು ಕಡಿದದ್ದು ಇನ್ನೆಲ್ಲೋ, ದೊಡ್ಡವಳಾದದ್ದು ಕೊಂಡಾಪುರದಲ್ಲಿ. ಮೇಸ್ತ್ರಿ, ಲಿಫ್ಟು, ಅಡ್ಡಾ ಎಲ್ಲ ಹಾಡಿನೊಳಗೆ ಬಂದವು. ಅಡ್ಡಾ ಎಂದರೆ ಕೂಲಿಗೆ ಕರೆಯುವವರಿಗಾಗಿ ಬೆಳಿಗ್ಗೆ ಜನ ಕಾದು ನಿಲ್ಲುವ ಜಾಗ. ಸೋದರತ್ತೆಯೂ ಅಲ್ಲಿ ನಿಂತವಳೇ. ಅವಳು ಎದ್ದುಬಂದು ಭೀಮವ್ವನ ಕೆನ್ನೆಗೆ ಅರಿಶಿನ ಬಳಿದು, "ಸೋತೆ ತಗೋಳವ್ವಾ" ಎಂದಳು. ನಾನು ಗೊಳೋ ಎಂದು ಅತ್ತೆ. ಪ್ರಬಂಧಕ್ಕೆ ಬರೆದಿದ್ದ ಅಧ್ಯಾಯವನ್ನು ಆಮೇಲೆ ಪೂರ್ತಿ ಹೊಸದಾಗಿ ಬರೆದೆ.

ಶ್ರಾವಣ ಬಂತು. ನಮ್ಮಲ್ಲಿ ನಾಗರಪಂಚಮಿ ಎಂದರೆ ಹುತ್ತಕ್ಕೆ ತನಿ ಎರೆದರೆ ಮುಗಿಯಿತು. ಅವರಲ್ಲಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಆಡಬೇಕು. ಆ ವಾರವೇ ಶೆಡ್ ಕಿತ್ತರು. ಹೊಸ ಜಾಗದಲ್ಲಿ ಇನ್ನೂ ಶೆಡ್ ಎದ್ದಿರಲಿಲ್ಲ, ಭೀಮವ್ವ ಕಟ್ಟಡದ ನೆಲಮಾಳಿಗೆಯಲ್ಲೇ ಮಲಗುತ್ತಿದ್ದಳು. ಹಬ್ಬದ ಬೆಳಿಗ್ಗೆ ತಾರ್ನಾಕದ ನಮ್ಮ ಮನೆಯ ಗೇಟು ಸದ್ದಾಯಿತು. ನೋಡಿದರೆ ತಾಯಿ ಮಗಳು, ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ.

"ಮೊದಲನೇ ತೊಟ್ಲಾ ಕಟ್ಟಿದ್ದು ಇದ ಓಣ್ಯಾಗ. ಮಗಳನ್ನ ತವರಿಗೆ ಕರ್ಕೊಂಡು ಬಂದೀನಿ. ಒಳಗ ಕರೀತಿಯೋ ಇಲ್ಲೋ?" ಎಂದಳು ಭೀಮವ್ವ.

ಮಹಡಿಯ ತೊಲೆಗೆ ಹಗ್ಗ ಬಿಗಿದೆವು. ಇಂದಿರಾಬಾಯಿ ತಾವೂ ಸೆರಗು ಸಿಕ್ಕಿಸಿ ಜೋಕಾಲಿ ಜೀಕಿ, ಇಡೀ ಓಣಿಗೆ ಕೇಳುವಂತೆ ಕನ್ನಡದಲ್ಲಿ ಹಾಡಿದರು. ತರಕಾರಿ ಗಾಡಿಯವನು ನಿಂತು ನೋಡಿದ.

ಅದೇ ಹೊತ್ತಿಗೆ ಮಧುಗಿರಿಯಿಂದ ಅಮ್ಮನ ಫೋನು. "ಹಬ್ಬಕ್ಕೆ ಬರ್ತೀನಿ ಅಂದಿದ್ದೆ. ಎಲ್ಲೇ ಇದೀಯ?"

"ಬರಕ್ಕಾಗಲ್ಲಮ್ಮ. ತವರಿಗೆ ಮಗಳು ಬಂದಿದಾಳೆ" ಎಂದೆ, ಜಂಬದಿಂದ.

"ಸರಿ ಕಣೆ. ನಮ್ಮನೆ ಮಗಳು ಯಾವಾಗ ಬರ್ತಾಳೆ?"

ಈಗ ಜೀಕುತ್ತಿದ್ದ ರೇಣುಕಾಳ ಹಾಡು ಅಮ್ಮನಿಗೂ ಕೇಳಲೆಂದು ಫೋನನ್ನು ಜೋಕಾಲಿಯ ಕಡೆ ಹಿಡಿದು ನಿಂತೆ.