ಅಮ್ಮನ ಸಿನಿಮಾ ಸಿ.ಡಿ.ಗೆ ಕಾಪಿ

ಅಮ್ಮ ಹುಡುಗಿಯಾಗಿದ್ದಾಗ ನಲ್ಲೂರಿನ ಹುಣಸೆ ತೋಪಿನಲ್ಲಿ ಒಂದು ಸಿನಿಮಾ ಶೂಟಿಂಗ್ ನಡೆದಿತ್ತಂತೆ. ಊರಿನ ಹೆಣ್ಣುಮಕ್ಕಳ ಕೈಗೆ ಬಿಂದಿಗೆ ಕೊಟ್ಟು ಸಾಲಾಗಿ ನಿಲ್ಲಿಸಿದ್ದರು. ಅಮ್ಮನೂ ಅವರಲ್ಲೊಬ್ಬಳು. ತೊಂಬತ್ತರ ದಶಕದ ಕೊನೆಯಲ್ಲಿ ಆ ಸಿನಿಮಾದ ಸಿ.ಡಿ. ನನ್ನ ಯಜಮಾನರಿಗೆ ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಸಿಕ್ಕಿತು. ದೊಡ್ಡಬಳ್ಳಾಪುರದಲ್ಲಿ ನಮ್ಮ ಜೊತೆಗಿದ್ದ ಅಮ್ಮ ಮಧ್ಯಾಹ್ನವಾದರೆ ಅದನ್ನೇ ಹಾಕಿಸಿಕೊಂಡು ಕೂರುತ್ತಿದ್ದಳು. ಬರಬರುತ್ತಾ ಸಿ.ಡಿ. ತುಂಬ ಗೀರು ಬಿದ್ದು, ಸರಿಯಾಗಿ ತೋಪಿನ ಸೀನಿನಲ್ಲೇ ಸಿಕ್ಕಿಕೊಳ್ಳತೊಡಗಿತು. ಅಂಗಡಿಯಲ್ಲಿ ಇನ್ನೊಂದು ಸಿಗಲಿಲ್ಲ.

ಮನೆಯಲ್ಲಿ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿತ್ತು, ಅದರಲ್ಲಿ ಸಿ.ಡಿ. ರೈಟರೂ ಇತ್ತು. ಯಜಮಾನರು ಸೋಂಪುರದ ಫ್ಯಾಕ್ಟರಿಯ ಗೆಳೆಯರಿಂದ ಸಿ.ಡಿ. ಕಾಪಿ ಮಾಡುವ ಎರಡು ಸಾಫ್ಟ್‌ವೇರ್ ತಂದು ಹಾಕಿದರು.

"ಇದು ಬೇಗ ಮುಗಿಸುತ್ತೆ, ಆದ್ರೆ ಓದಕ್ಕಾಗದ ಜಾಗ ಹಾರಿಸ್ಬಿಡುತ್ತೆ. ಇನ್ನೊಂದು ಅದೇ ಜಾಗಾನ ಮತ್ತೆ ಮತ್ತೆ ಓದುತ್ತೆ. ಅಷ್ಟರಲ್ಲಿ ಸಿ.ಡಿ.ನೇ ಕೆಟ್ರೂ ಕೆಡಬಹುದು. ಯಾವ್ದು ಅಂತ ನೀನೇ ನೋಡ್ಕೋ," ಎಂದು ಹೇಳಿ ಡ್ಯೂಟಿಗೆ ಹೋದರು.

ಇರುವ ಒಂದೇ ಸಿ.ಡಿ. ಹಾಳಾದರೆ ಎಂಬ ಭಯಕ್ಕೆ ನಾನು ಮೊದಲನೆಯದನ್ನೇ ಶುರುಮಾಡಿದೆ.

"ಹಾರಿಸೋದು ಅಂದ್ರೆ ಏನೇ?" ಎಂದಳು ಅಮ್ಮ.

"ಒಂದೆರಡು ಕ್ಷಣ ಬಿಟ್ಟೋಗುತ್ತೆ ಕಣಮ್ಮ. ನಿನ್ನ ಮುಖ ಆಮೇಲೂ ಬರುತ್ತಲ್ಲ."

"ನನ್ನ ಮುಖ ಯಾರಿಗ್ ಬೇಕು? ಹಿಂದೆ ಒಬ್ಳು ಸೆರಗು ಸರಿಮಾಡ್ಕೊತಾಳಲ್ಲ, ಅವ್ಳು ನಮ್ಮಕ್ಕ."

ದೊಡ್ಡಮ್ಮ ನಾನು ಹುಟ್ಟುವ ಮೊದಲೇ, ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡವಳು. ಅವಳದೊಂದು ಫೋಟೋ ಕೂಡ ನಮ್ಮಲ್ಲಿರಲಿಲ್ಲ. ತಕ್ಷಣ ಕಾಪಿ ನಿಲ್ಲಿಸಿ, ಸಿ.ಡಿ. ಹೊರತೆಗೆದು, ಹಳೆಯ ಪಂಚೆಯ ತುಂಡಿನಿಂದ ಮೆಲ್ಲಗೆ ಒರೆಸಿ, ಎರಡನೆಯ ಸಾಫ್ಟ್‌ವೇರಿಗೆ ಕೊಟ್ಟೆ.

ಅರ್ಧಕ್ಕೆ ಬರುವಷ್ಟರಲ್ಲಿ ಡ್ರೈವ್ ಕರಕರ ಎನ್ನತೊಡಗಿತು. ಪರದೆಯ ಮೇಲಿನ ನೀಲಿ ಪಟ್ಟಿ ನಿಂತಲ್ಲೇ ನಿಂತಿತು. ನಿಲ್ಲಿಸಲೇ, ಬಿಡಲೇ? ಕರೆಂಟು ಹೋದರೇನು ಗತಿ?

"ಸುಮ್ನೆ ಕೂತ್ಕೋಮ್ಮ," ಎಂದು ರೇಗಿದೆ. ಅಮ್ಮ ಕೂರಲಿಲ್ಲ, ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಳು.

ಬಹಳ ಹೊತ್ತಿನ ಮೇಲೆ ಪಟ್ಟಿ ಒಂದಿಷ್ಟು ಜರುಗಿತು. ಮತ್ತೆ ನಿಂತಿತು. ಮತ್ತೆ ಜರುಗಿತು. ಕೊನೆಗೂ ಖಾಲಿ ಸಿ.ಡಿ.ಗೆ ಬರೆದು ಮುಗಿಸಿ ಹಾಕಿ ನೋಡಿದರೆ, ಮೂಲೆಯಲ್ಲಿ ಚಿತ್ರ ಕೊಂಚ ಚೌಕಚೌಕವಾಗಿ ಒಡೆದಿತ್ತು. ಆದರೂ ಬಿಂದಿಗೆಗಳ ಹಿಂದೆ ತೆಳ್ಳಗಿನ ಹುಡುಗಿಯೊಬ್ಬಳು ಸೆರಗು ಎಳೆದುಕೊಂಡು ಪಕ್ಕಕ್ಕೆ ತಿರುಗಿದಳು. ದೊಡ್ಡಮ್ಮನನ್ನು ನಾನು ಗುರುತು ಹಿಡಿದು ನೋಡಿದ್ದು ಅದೇ ಮೊದಲು.

ಅಮ್ಮ ಮೂಗು ಒರೆಸಿಕೊಂಡಳು.

"ಇನ್ನೊಂದು ಮಾಡಿಡೇ. ಇದೂ ಕೆಟ್ರೆ?"

ಅದೂ ಮುಗಿಯುವವರೆಗೆ ನಾವಿಬ್ಬರೂ ಊಟಕ್ಕೆ ಏಳಲಿಲ್ಲ.